ಹದಿನೆಂಟನೇ ಗ್ರೀನಿನ ಎರಡನೇ ಗುಂಡಿ

ಇಂದ,
ಗುಂಡಿಯಣ್ಣ ಎಂದೇ ಎಲ್ಲರಿಗೂ ಗೊತ್ತಿರುವ ಅರ್ಜಿದಾರ,
ಗುಂಡಿ ಕತ್ತರಿಸುವ ಮತ್ತು ಮುಚ್ಚುವ ವಿಭಾಗ (ವಿಭಾಗದಲ್ಲಿ ಒಬ್ಬನೇ),
ಹುಲ್ಲಿನ ಯಂತ್ರಗಳ ಶೆಡ್ಡು, ಗಾಲ್ಫ್ ಮೈದಾನ.

ಗೆ,
ಮಾನ್ಯ ಅಧ್ಯಕ್ಷರು,
ಅಂತರರಾಷ್ಟ್ರೀಯ ವಿಶ್ವವಿದ್ಯಾಲಯ ವಿದ್ಯಾರ್ಥಿನಿಯರ ತಂಡ ಗಾಲ್ಫ್ ಸ್ಪರ್ಧಾ ಸಮಿತಿ,
ಮುಖ್ಯ ಕಟ್ಟಡ, ಮೊದಲನೇ ಮಹಡಿ.

ಮಾರ್ಗ: ಕಾರ್ಯದರ್ಶಿಗಳ ಮೂಲಕ ಬರಬೇಕಿತ್ತು. ಬಂದಿಲ್ಲ. ಕಾರಣ ಏಳನೇ ಅಂಶದಲ್ಲಿದೆ.

ವಿಷಯ: ನೀಲಿ ಅಂಗಿ ತಂಡದ ನಾಲ್ಕನೇ ಆಟಗಾರ್ತಿಯ ಲೆಕ್ಕದಲ್ಲಿರುವ ಒಂದು ಹೊಡೆತವನ್ನು ಅರ್ಜಿದಾರನ ಹೆಸರಿಗೆ ವರ್ಗಾಯಿಸಿ, ಆಕೆಯನ್ನು ತಂಡದಲ್ಲೇ ಉಳಿಸಿಕೊಡುವ ಬಗ್ಗೆ.

ಉಲ್ಲೇಖ:
1. ಕಾರ್ಯದರ್ಶಿಗಳು ವಿಶ್ವವಿದ್ಯಾಲಯಕ್ಕೆ ಕಳಿಸಿದ ವರದಿ, ನಾಲ್ಕನೇ ಸಾಲು.
2. ಸದರಿ ಸಾಲಿನ ಬಗ್ಗೆ ಮೆಟ್ಟಿಲ ಹತ್ತಿರ ನಾನು ಬಾಯಿಮಾತಿನಲ್ಲಿ ಮಾಡಿಕೊಂಡ ಮನವಿ ಮತ್ತು ಅದಕ್ಕೆ ಬಂದ ಉತ್ತರ ("ನಿನ್ನ ಕೆಲಸ ನೋಡ್ಕೊ ಹೋಗು").
3. ಈ ದಿನ ಬೆಳಿಗ್ಗೆ ನನ್ನ ಹೆಂಡತಿ ಹೊರಡಿಸಿದ ಆದೇಶ ("ಬರೆದು ಕೊಡದೆ ಊಟಕ್ಕೆ ಬರಬೇಡಿ").

ಮಾನ್ಯರೇ,

ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ಹೇಳಬೇಕಾದದ್ದು ಒಂದೇ ಮಾತು. ಆದರೆ ಆ ಒಂದು ಮಾತು ಅರ್ಥವಾಗಬೇಕಾದರೆ ಮುಂಚಿನ ನಾಲ್ಕು ಮಾತು ಗೊತ್ತಿರಬೇಕು, ಆ ನಾಲ್ಕಕ್ಕೆ ಇನ್ನು ನಾಲ್ಕು. ಆದ್ದರಿಂದ ಅಂಶಗಳಾಗಿ ಬರೆದಿದ್ದೇನೆ. ತಾವು ಕೂತು ಓದಬೇಕು. ನಿಂತು ಓದುವ ಅರ್ಜಿ ಅಲ್ಲ ಇದು.

1. ನಾನು ಹತ್ತೊಂಬತ್ತು ವರ್ಷದಿಂದ ಈ ಮೈದಾನದಲ್ಲಿ ಗುಂಡಿ ಕತ್ತರಿಸುತ್ತಿದ್ದೇನೆ. ಗುಂಡಿಗಳು ಹುಟ್ಟಿದಲ್ಲೇ ಇರುತ್ತವೆ ಎಂದು ಸದಸ್ಯರಲ್ಲಿ ಅನೇಕರು ತಿಳಿದಿದ್ದಾರೆ. ಹಾಗಲ್ಲ. ಒಂದೇ ಜಾಗದಲ್ಲಿ ಗುಂಡಿ ಇದ್ದರೆ ಸುತ್ತಲಿನ ಹುಲ್ಲು ಬೂಟುಗಳ ಕೆಳಗೆ ಸಿಕ್ಕಿ ಸಾಯುತ್ತದೆ. ಕಾರಣ, ಬಾವುಟ ನೆಟ್ಟಿರುವ ಆ ಗಿಡ್ಡ ಹುಲ್ಲಿನ ಅಂಗಳಗಳಲ್ಲಿ, ಅಂದರೆ ಹದಿನೆಂಟು ಗ್ರೀನಿನಲ್ಲೂ, ದಿನಾ ಬೆಳಿಗ್ಗೆ ಗುಂಡಿಯ ಜಾಗ ಬದಲಾಯಿಸಬೇಕು. ಕೊಳವೆಯಂಥ ಕತ್ತಿಯನ್ನು ನೆಲಕ್ಕೆ ತಿರುವಿ ಎಳೆದರೆ ಹುಲ್ಲು ಸಮೇತ ಮಣ್ಣಿನ ಬಿರಡೆ ಎದ್ದು ಬರುತ್ತದೆ. ಹಳೇ ಗುಂಡಿಯ ಬಟ್ಟಲನ್ನು ಕಿತ್ತು ಹೊಸದಕ್ಕೆ ಇಳಿಸಬೇಕು. ಹೊಸದರ ಬಿರಡೆಯನ್ನು ಹಳೆಯದರ ಬಾಯಿಗೆ ತುರುಕಿ, ನೀರು ಚಿಮುಕಿಸಿ, ತುಳಿಯಬೇಕು. ಒಂದು ಗುಂಡಿ ಹುಟ್ಟಿದರೆ ಒಂದು ಗುಂಡಿ ಮುಚ್ಚಿಹೋಗಬೇಕು, ಇಷ್ಟೇ ಈ ಕಸುಬಿನ ಧರ್ಮ. ಹೆಣ್ಣು ನೋಡಲು ಹೋದಾಗ "ಏನು ಕೆಲಸ" ಎಂದ ಮಾವನವರಿಗೆ "ಗುಂಡಿ ತೋಡೋದು" ಎಂದಷ್ಟೇ ಹೇಳಿದ್ದಕ್ಕೆ, ಸ್ಮಶಾನದ ಕೆಲಸವೆಂದು ತಿಳಿದು ಅವರು ಎರಡು ದಿನ ಅನ್ನ ಬಿಟ್ಟಿದ್ದರು ಎಂಬುದನ್ನು ಇಲ್ಲಿ ನಮೂದಿಸುವ ಅಗತ್ಯವಿಲ್ಲ. ಆದರೂ ನಮೂದಿಸಿದ್ದೇನೆ.

2. ಈ ಆಟದಲ್ಲಿ ಕಡಿಮೆ ಹೊಡೆದವರೇ ಗೆದ್ದವರು. (ಮಾತಿಗೂ ಈ ನಿಯಮ ಇರಬೇಕಿತ್ತು ಎಂದು ಹೆಂಡತಿ ನನ್ನ ಕಡೆ ನೋಡಿ ಹೇಳುವುದುಂಟು.) ಕಳೆದ ವಾರ ಹನ್ನೊಂದು ದೇಶಗಳ ವಿಶ್ವವಿದ್ಯಾಲಯಗಳಿಂದ ಹುಡುಗಿಯರ ತಂಡಗಳು ಬಂದಿದ್ದವು. ತಂಡಕ್ಕೆ ನಾಲ್ವರು, ಮೂರು ದಿನದ ಆಟ. ಪ್ರತಿದಿನ ನಾಲ್ವರಲ್ಲಿ ಚೆನ್ನಾಗಿ ಆಡಿದ ಮೂವರ ಹೊಡೆತಗಳನ್ನು ಮಾತ್ರ ಕೂಡುತ್ತಾರೆ. ನಾಲ್ಕನೆಯವಳ ಚೀಟಿಯನ್ನು ಪಕ್ಕಕ್ಕಿಡುತ್ತಾರೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ನಾವೆಲ್ಲ ಸುಮ್ಮನೆ ಆಡಿಕೊಳ್ಳುವ ಮಾತನ್ನು ಇವರು ಅಚ್ಚು ಹಾಕಿಸಿ ಕಾಯಿದೆ ಮಾಡಿದ್ದಾರೆ.

3. ಸದರಿ ನಾಲ್ಕನೇ ಆಟಗಾರ್ತಿ ನಮ್ಮದೇ ವಿಶ್ವವಿದ್ಯಾಲಯದ ನೀಲಿ ಅಂಗಿ ತಂಡದವಳು. ಮೊದಲ ದಿನ ಅವಳ ಚೀಟಿ ಪಕ್ಕಕ್ಕೆ ಹೋಯಿತು. ಎರಡನೇ ದಿನವೂ ಹೋಯಿತು. ಆದರೂ ಮೂರು ದಿನವೂ ಬೇರೆಯವರು ಏಳುವ ಮೊದಲೇ ಬಂದು, ನಾನು ಮಂಡಿಯೂರಿ ಕೆಲಸ ಮಾಡುತ್ತಿದ್ದ ಕಡೆ ನಿಲ್ಲುತ್ತಿದ್ದಳು.

"ಗುಂಡಿಯಣ್ಣ, ಇವತ್ತು ಹದಿನೆಂಟರಲ್ಲಿ ಎಲ್ಲಿ ಇಡ್ತೀರಿ?"

"ಹೇಳೋ ಹಾಗಿಲ್ಲಮ್ಮ. ಸಮಿತಿ ಗುಟ್ಟು."

"ಹೇಳಿ ಪರವಾಗಿಲ್ಲ. ನಂದು ಹೇಗೂ ಲೆಕ್ಕಕ್ಕೆ ಬರಲ್ಲ."

"ಬರದೇ ಇದ್ದ ಮೇಲೆ ಇಷ್ಟು ಬೇಗ ಯಾಕೆ ಎದ್ದು ಬಂದೆ?"

"ಬಂದ್ಬಿಟ್ರೆ ಅಂತ."

ಬಂದೇಬಿಟ್ಟಿತು. ಮೂರನೇ ದಿನ ನಾಲ್ಕನೇ ಗುಂಡಿಯ ಹತ್ತಿರ ತಂಡದ ನಾಯಕಿಯ ಮಣಿಕಟ್ಟು ಉಳುಕಿತು. ಕೋಚ್ ಸಾಹೇಬರು ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದರು. ಉಳಿದವರು ಮೂವರೇ ಆದ್ದರಿಂದ, ಮೂವರದನ್ನೂ ಕೂಡಲೇಬೇಕಾದ್ದರಿಂದ, ಪಕ್ಕಕ್ಕಿಡಲು ಯಾರೂ ಇಲ್ಲದ ಕಾರಣ, ನಾಲ್ಕನೆಯವಳ ಒಂದೊಂದು ಹೊಡೆತವೂ ಅಂದು ಲೆಕ್ಕಕ್ಕೆ ಬಂತು.

4. ಇನ್ನು ನನ್ನ ತಪ್ಪು. ಅದೇ ದಿನದ ಬೆಳಿಗ್ಗೆ. ಚೆಂಡು ಚುರುಕಾಗಿ ಓಡಲಿ ಎಂದು ಸಮಿತಿ ಮೂರು ದಿನದಿಂದ ನೀರು ನಿಲ್ಲಿಸಿತ್ತು. ಕಾರಣ ಮಣ್ಣು ಒಣಗಿತ್ತು. ಕಾರಣ ಹದಿನೆಂಟನೇ ಗ್ರೀನಿನಲ್ಲಿ ನಾನು ಎಳೆದ ಬಿರಡೆ ಮುರಿಯಿತು. ಮೇಲಿನ ಎರಡು ಬೆರಳು ದಪ್ಪದ ತುಂಡು ಕೈಗೆ ಬಂತು, ಉಳಿದದ್ದು ಪುಡಿಪುಡಿ. ಆ ತುಂಡನ್ನು ಹಳೇ ಗುಂಡಿಯ ಬಾಯಿಗೆ ಮುಚ್ಚಳದ ಹಾಗೆ ಬಿಗಿಯಾಗಿ ಕೂರಿಸಿದೆ. ಮೇಲೆ ನೋಡಿದರೆ ಹುಲ್ಲು, ಒಳಗೆ ಪೊಳ್ಳು. ಅಡಿಗೆ ತುಂಬುವುದಕ್ಕೆ ಮರಳು ತರಲು ಶೆಡ್ಡಿಗೆ ಹೊರಟೆ.

ದಾರಿಯಲ್ಲಿ ಕಚೇರಿಯ ಜವಾನ ಸಿಕ್ಕಿದ.

"ಗುಂಡಿಯಣ್ಣ, ಬೇಗ ಬರ್ಬೇಕಂತೆ. ಫೋಟೋ ತೆಗೀತಾರೆ. ಕೆಲಸಗಾರರೂ ಇರ್ಲಿ ಅಂತ ಸಾಹೇಬ್ರು ಅಂದ್ರು."

"ನಾನೂನಾ?"

"ನೀವೂ ಕೆಲಸಗಾರರೇ ಅಲ್ವ?"

ಮಾನ್ಯರೇ, ಹತ್ತೊಂಬತ್ತು ವರ್ಷದಲ್ಲಿ ಈ ಮೈದಾನದಲ್ಲಿ ಸಾವಿರ ಫೋಟೋ ತೆಗೆದಿದ್ದಾರೆ. ಎಲ್ಲದರಲ್ಲೂ ನನ್ನ ಗುಂಡಿಗಳಿವೆ. ನಾನಿಲ್ಲ. ಆದ್ದರಿಂದ ಓಡಿದೆ. ಅಂಗಿ ಬದಲಿಸಿದೆ. ನಲ್ಲಿಗೆ ತಲೆಯೊಡ್ಡಿ ಕೂದಲು ಬಾಚಿದೆ. ಮೂರನೇ ಸಾಲಿನ ಬಲ ತುದಿಯಲ್ಲಿ ನಿಂತೆ. "ಕೊನೇಲಿರೋರು ಸ್ವಲ್ಪ ಒಳಗೆ ಬನ್ನಿ" ಎಂದರು. ಕೊನೆಯವನು ನಾನಲ್ಲ, ನನ್ನ ಪಕ್ಕ ಇನ್ನೂ ಯಾರೋ ಇದ್ದಾರೆ ಎಂದುಕೊಂಡು ನಾನು ಬರಲಿಲ್ಲ. ಆಮೇಲೆ ಚಹಾ ಕೊಟ್ಟರು. ಹನ್ನೊಂದು ದೇಶದವರ ಜೊತೆ ನಿಂತು ಚಹಾ ಕುಡಿದೆ. ಮರಳಿನ ಬಕೆಟ್ಟು ಶೆಡ್ಡಿನಲ್ಲೇ ಕೂತಿತ್ತು.

ಇದನ್ನು ಮನೆಯಲ್ಲಿ ಹೇಳಿದಾಗ ಹೆಂಡತಿ ಅಂದದ್ದು: "ಹತ್ತೊಂಬತ್ತು ವರ್ಷ ನೆಲ ನೋಡ್ಕೊಂಡು ಬದುಕಿದೋರು. ಒಂದು ದಿನ ಕ್ಯಾಮೆರಾ ನೋಡೋಕೆ ಹೋದ್ರಿ, ನೋಡಿ."

5. ಮುಚ್ಚಳ ದಿನವಿಡೀ ತಡೆದುಕೊಂಡಿತು. ಅದನ್ನು ಮೆಚ್ಚಲೇಬೇಕು. ಹತ್ತು ತಂಡಗಳು ಆಚೀಚೆ ನಡೆದುಹೋದವು. ಕೊನೇ ಗುಂಪು ಬರುವುದಕ್ಕೆ ಹತ್ತು ನಿಮಿಷ ಇರುವಾಗ, ಬಾವುಟ ನೆಟ್ಟಗಿದೆಯೇ ಎಂದು ನೋಡಲು ಒಬ್ಬರು ದೊಡ್ಡ ಮನುಷ್ಯರು ಗ್ರೀನಿನ ಮೇಲೆ ನಡೆದರು. ನಡುವೆ ಒಂದು ಸಲ ಇದ್ದಕ್ಕಿದ್ದಂತೆ ಗಿಡ್ಡವಾದರು. ಮತ್ತೆ ಎತ್ತರವಾದರು. ಆಚೀಚೆ ನೋಡಿದರು. ಹೋದರು. ನಾನು ದೂರದ ಮರಳುಗುಂಡಿಯಲ್ಲಿ ಕುಂಟೆ ಎಳೆಯುತ್ತಿದ್ದೆ, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಮುಖ ಕಾಣಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಮ್ಮ ಕಾರ್ಯದರ್ಶಿಗಳನ್ನು ಹತ್ತಿರದಿಂದ ಕಂಡಾಗ ಅವರ ಎಡ ಹಿಮ್ಮಡಿಗೆ ಮಣ್ಣು ಮೆತ್ತಿತ್ತು, ಬಲಕ್ಕೆ ಇರಲಿಲ್ಲ. ಈ ಎರಡು ಸಂಗತಿಗಳಿಗೆ ತಾವು ಸಂಬಂಧ ಕಲ್ಪಿಸಬಾರದಾಗಿ ವಿನಂತಿ.

6. ಮೊದಲ ಸ್ಥಾನಕ್ಕೆ ನಮ್ಮ ಜೊತೆ ಪೈಪೋಟಿಯಲ್ಲಿದ್ದ ಹಳದಿ ಅಂಗಿಯವರು ಆಟ ಮುಗಿಸಿ ಕೂತಿದ್ದರು. ನೀಲಿಯವರಲ್ಲಿ ಇಬ್ಬರದು ಮುಗಿದಿತ್ತು. ಉಳಿದವಳು ನಾಲ್ಕನೆಯವಳೊಬ್ಬಳೇ. ಅವಳ ಚೆಂಡು ಹದಿನೆಂಟನೇ ಗ್ರೀನಿನಲ್ಲಿ, ಬಾವುಟಕ್ಕೆ ಇಪ್ಪತ್ತು ಹೆಜ್ಜೆ ದೂರ. ಹಗ್ಗದ ಹತ್ತಿರ ನನ್ನ ಪಕ್ಕ ನಿಂತಿದ್ದ ಕ್ಯಾಂಟೀನಿನ ಅಡುಗೆಯವರು ಬೆರಳು ಮಡಚಿ ನನಗೆ ತಿಳಿಹೇಳಿದರು.

"ಒಂದೇ ಏಟಿಗೆ ಹೋದ್ರೆ ಗೆದ್ವಿ. ಎರಡಾದ್ರೆ ಸಮ. ಮೂರಾದ್ರೆ ಪಾತ್ರೆ ತೊಳೆಯೋಕೆ ಹೋಗೋಣ."

ಅವಳು ಹೊಡೆದಳು. ಚೆಂಡು ಏರು ಹತ್ತಿತು, ಏರಿನ ಮೇಲೆ ಒಂದು ಗಳಿಗೆ ಯೋಚಿಸಿತು, ಆಮೇಲೆ ಬಾವುಟದ ಕಡೆ ಹಗ್ಗ ಕಟ್ಟಿ ಎಳೆದ ಹಾಗೆ ಇಳಿಯಿತು. ಎಲ್ಲರ ಕಣ್ಣೂ ಬಾವುಟದ ಮೇಲೆ. ಬಾವುಟಕ್ಕೆ ಮೂರು ಹೆಜ್ಜೆ ಇರುವಾಗ ಚೆಂಡು ಕಾಣೆಯಾಯಿತು.

ಬಟ್ಟಲಿಗೆ ಬಿದ್ದ ಚೆಂಡು ಟಳಕ್ ಎನ್ನುತ್ತದೆ. ಇದು ದುಬ್ ಎಂದಿತು. ಹತ್ತೊಂಬತ್ತು ವರ್ಷದಲ್ಲಿ ಆ ಸದ್ದು ಒಮ್ಮೆಯೂ ಕೇಳಿದವನಲ್ಲ. ಆದರೂ, ಅಂಗಡಿ ಬೀದಿಯ ಗದ್ದಲದಲ್ಲಿ ತನ್ನ ಕೂಸಿನ ಅಳು ತಾಯಿಗೆ ತಿಳಿಯುವ ಹಾಗೆ, ನನಗೆ ತಿಳಿಯಿತು.

ಪರದೇಶದಿಂದ ಬಂದಿದ್ದ ಅಂಪೈರು ಬಗ್ಗಿ ನೋಡಿದರು, ಪುಸ್ತಕ ತೆರೆದರು. ಅವರು ಹೇಳಿದ್ದನ್ನು ಕಾಲೇಜಿನ ಮೇಡಂ ಒಬ್ಬರು ಎಲ್ಲರಿಗೂ ಬಿಡಿಸಿ ಹೇಳಿದರು: ಬಾವುಟ ಇರುವುದೇ ಗುಂಡಿ, ಇದು ಗುಂಡಿಯಲ್ಲ, ದಂಡವಿಲ್ಲ, ಚೆಂಡೆತ್ತಿ ಪಕ್ಕದಲ್ಲಿಟ್ಟು ಆಡಬಹುದು, ಆದರೆ ಹೊಡೆದ ಹೊಡೆತ ಹೊಡೆದದ್ದೇ.

"ನೆಟ್ಟಗೆ ಹೋಗ್ತಿತ್ತಲ್ಲ ಮೇಡಂ, ಒಳಗೇ ಬೀಳ್ತಿತ್ತು" ಎಂದರು ಅಡುಗೆಯವರು.

ಮೇಡಂ ಅದನ್ನು ಕೇಳಿ ಬಂದು ಹೇಳಿದರು: "ಬೀಳ್ತಿತ್ತು ಅನ್ನೋದಕ್ಕೆ ಪುಸ್ತಕದಲ್ಲಿ ಜಾಗ ಇಲ್ವಂತೆ."

ಮೂರು ಹೆಜ್ಜೆ ಉಳಿದಿತ್ತು. ಎರಡನೇ ಹೊಡೆತ ಬಟ್ಟಲಿನ ತುಟಿಗೆ ತಾಗಿ ಹೊರಗೆ ಉಳಿಯಿತು. ಮೂರನೆಯದು ಬಿತ್ತು. ಒಂದೇ ಒಂದು ಹೊಡೆತದಿಂದ ಸೋತೆವು. ಅವಳು ಎದುರಾಳಿಗಳ ಕೈ ಕುಲುಕಿದಳು. ಆಮೇಲೆ ಬಗ್ಗಿ, ಆ ಎರಡನೇ ಗುಂಡಿಯ ಅಂಚಿನ ಮೇಲೆ ಒಂದು ಸುತ್ತು ಬೆರಳು ಆಡಿಸಿದಳು. ಅಂಪೈರು ಅದೇ ಸಂಜೆ ವಿಮಾನ ಹತ್ತಿದರು.

7. ಮರುದಿನ ವರದಿ ಹೋಯಿತು. ನಾಲ್ಕನೇ ಸಾಲು: "ಅಂತಿಮ ಗ್ರೀನಿನಲ್ಲಿ ನಾಲ್ಕನೇ ಆಟಗಾರ್ತಿಯ ಚೆಂಡು ದಿಕ್ಕು ತಪ್ಪಿದ ಕಾರಣ ತಂಡವು ಸೋಲನುಭವಿಸಿತು." ಗುಂಡಿಯ ಸುದ್ದಿಯೇ ಇಲ್ಲ. ಜವಾನ ಅದನ್ನು ನನಗೆ ಓದಿ ಹೇಳಿದ. ನಾನು ಕಾರ್ಯದರ್ಶಿಗಳನ್ನು ಮೆಟ್ಟಿಲ ಹತ್ತಿರ ಹಿಡಿದೆ.

"ಸಾರ್, ಗುಂಡಿ ಎರಡಿತ್ತು ಸಾರ್."

"ಹನ್ನೊಂದು ದೇಶದೋರು ಬಂದು ಹೋಗಿದಾರೆ. ನಮ್ಮಲ್ಲಿ ಒಂದು ಗ್ರೀನಿಗೆ ಎರಡು ಗುಂಡಿ ಅಂತ ಬರೀಲಾ?"

"ಇದ್ದದ್ದು ಎರಡೇ ಅಲ್ವ ಸಾರ್?"

"ಈಗ ಎಷ್ಟಿದೆ?"

"ಒಂದೇ ಸಾರ್. ಅವತ್ತೇ ಮರಳು ತುಂಬಿ ಮುಚ್ಚಿದೆ."

"ಮತ್ತೆ? ನಿನ್ನ ಕೆಲಸ ನೋಡ್ಕೊ ಹೋಗು. ಜಾಸ್ತಿ ಮಾತಾಡಿದ್ರೆ ಪಾರ್ಕಿಂಗ್ ಗೇಟಲ್ಲಿ ಸೀಟಿ ಊದೋ ಜಾಗ ಖಾಲಿ ಇದೆ."

ಆದ್ದರಿಂದ ಈ ಅರ್ಜಿ ಅವರ ಮೂಲಕ ಬಂದಿಲ್ಲ.

ಆಸ್ಪತ್ರೆಗೆ ಹೋಗಿದ್ದ ಕೋಚ್ ಸಾಹೇಬರು ಏನನ್ನೂ ಕಂಡವರಲ್ಲ. ವರದಿ ಓದಿದರು. "ಒತ್ತಡ ಬಂದಾಗ ದಿಕ್ಕು ತಪ್ಪೋ ಕೈ ನನಗೆ ಬೇಡ" ಎಂದು ಮುಂದಿನ ಸ್ಪರ್ಧೆಯ ಪಟ್ಟಿಯಿಂದ ಅವಳ ಹೆಸರು ಹೊಡೆದರು. ಜೊತೆಯ ಹುಡುಗಿಯರು ಹೋಗಿ ಗುಂಡಿಯ ಸಂಗತಿ ಹೇಳಿದರಂತೆ. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ನಕ್ಕರಂತೆ. ಮಾನ್ಯರೇ, ಗಾದೆ ಸುಳ್ಳಾಗುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಆದರೆ ಈ ಒಂದು ಸಲ ನೆಲ ನಿಜಕ್ಕೂ ಡೊಂಕಿತ್ತು. ಡೊಂಕು ಮಾಡಿದವನು ನಾನು.

ಆದ್ದರಿಂದ, ಸದರಿ ಸೋಲಿನ ಒಂದು ಹೊಡೆತ ಗುಂಡಿಯಿಂದ ಆದದ್ದೇ ಹೊರತು ಕೈಯಿಂದ ಆದದ್ದಲ್ಲವಾದ್ದರಿಂದ, ಗುಂಡಿ ನನ್ನದಾದ್ದರಿಂದ, ಆ ಹೊಡೆತವನ್ನು ಆಕೆಯ ಚೀಟಿಯಿಂದ ತೆಗೆದು ನನ್ನ ಹೆಸರಿನ ಮುಂದೆ

8. ಮೇಲಿನ ವಾಕ್ಯ ಮುಗಿಯುವ ಮೊದಲೇ ಸದರಿ ಆಟಗಾರ್ತಿಯು ಖುದ್ದಾಗಿ ಶೆಡ್ಡಿಗೆ ಬಂದದ್ದರಿಂದ ಅರ್ಜಿಯನ್ನು ಸ್ವಲ್ಪ ಹೊತ್ತು ನಿಲ್ಲಿಸಲಾಯಿತು. ಆಗ ನಡೆದದ್ದನ್ನೂ ಅಂಶವಾಗಿ ಸೇರಿಸಿದ್ದೇನೆ, ಯಾಕೆಂದರೆ ಅದರಿಂದ ಅರ್ಜಿಯೇ ಬದಲಾಗಿದೆ.

ನನ್ನ ಹೆಂ‍ಡತಿ ಶೆಡ್ಡಿನ ಬಾಗಿಲಲ್ಲಿ ಆಟಗಾರರ ಟವೆಲುಗಳನ್ನು ಮಡಚುತ್ತಿದ್ದಳು (ಇಲ್ಲಿನ ಒಗೆತದ ಕೆಲಸ ಅವಳದು). ಹುಡುಗಿ ಬಂದವಳು ಡಬ್ಬದ ಮೇಲೆ ಕೂತು, ಕೇಳದೆ ಕಾಗದ ತೆಗೆದುಕೊಂಡು, ಮೊದಲಿನಿಂದ ಓದಿದಳು. ಚಹಾ ಕುಡಿದ ಕಡೆ ನಕ್ಕಳು. ಕೊನೆಗೆ ಬಂದಾಗ ನಗಲಿಲ್ಲ.

"ಇದೇನಣ್ಣ, ನನ್ನ ಹೊಡೆತ ನಿಮ್ಮ ಹೆಸರಿಗಾ?"

"ತಪ್ಪು ನಂದಲ್ವೇನಮ್ಮ?"

"ಮೊದಲನೇದನ್ನ ನಿಮ್ಮ ಗುಂಡಿ ನುಂಗಿತು. ಒಪ್ಪಿದೆ. ಎರಡನೇದು? ಮೂರೇ ಹೆಜ್ಜೆ. ಅಲ್ಲಿ ಗುಂಡಿ ಇರ್ಲಿಲ್ಲ, ಏರಿರ್ಲಿಲ್ಲ, ನೀವೂ ಇರ್ಲಿಲ್ಲ. ಅದು ಹೋಗಿದ್ರೆ ಸಮ ಆಗ್ತಿತ್ತು. ತಪ್ಪಿಸಿದ್ದು ನಾನು."

"ಗುಂಡಿ ನೋಡಿ ಗಾಬರಿಯಾಯ್ತು, ಅದಕ್ಕೇ..."

"ಗಾಬರಿ ಯಾರದು? ನಂದೇ ಅಲ್ವ?" ಕಾಗದವನ್ನು ನನ್ನ ಮಂಡಿಯ ಮೇಲಿಟ್ಟಳು. "ಮೂರು ದಿನ ಆಡಿದೀನಣ್ಣ. ಲೆಕ್ಕಕ್ಕೆ ಬಂದದ್ದು ಒಂದೇ ದಿನ. ಅದರಲ್ಲೂ ನೀವು ಪಾಲು ಕೇಳ್ತಿದೀರಲ್ಲ."

ಹೆಂಡತಿ ಟವೆಲ್ಲಿನಿಂದ ತಲೆಯೆತ್ತದೆ, "ಬರೆಯೋಕೆ ಮುಂಚೆ ಅವಳನ್ನ ಒಂದು ಮಾತು ಕೇಳಿ ಅಂತ ಬಡ್ಕೊಂಡೆ" ಎಂದಳು. ಹಾಗೆ ಬಡಿದುಕೊಂಡಿರಲಿಲ್ಲ ಎಂಬುದನ್ನು ದಾಖಲಿಸುತ್ತಿದ್ದೇನೆ.

"ಹಾಗಾದ್ರೆ ನಾನೇನು ಮಾಡ್ಲಿ, ಹೇಳು" ಎಂದೆ.

ಅದಕ್ಕೇ ಬಂದಿದ್ದಳು. ಕೋಚ್ ಸಾಹೇಬರ ಹಿಂದೆ ಎರಡು ದಿನ ಸುತ್ತಿ ಒಂದು ಪರೀಕ್ಷೆ ಗಿಟ್ಟಿಸಿದ್ದಾಳೆ. ನಾಳೆ ಬೆಳಿಗ್ಗೆ ಎಂಟಕ್ಕೆ, ಅದೇ ಗ್ರೀನು, ಅದೇ ಜಾಗ, ಅದೇ ಮೂರು ಹೆಜ್ಜೆ. ಹತ್ತು ಚೆಂಡಿನಲ್ಲಿ ಎಂಟು ಬಿದ್ದರೆ ಹೆಸರು ಪಟ್ಟಿಗೆ ವಾಪಸು. ಇಲ್ಲವಾದರೆ ಮುಂದೆ ಆ ಮಾತೇ ಇಲ್ಲ.

"ಐದೂವರೆಗೆ ಗುಂಡಿ ಅಲ್ಲೇ ಇರ್ಲಿ ಅಣ್ಣ. ಮೂರನೇ ದಿನ ಎಲ್ಲಿತ್ತೋ ಕರೆಕ್ಟಾಗಿ ಅಲ್ಲೇ. ಎರಡೂವರೆ ಗಂಟೆ ಸಿಕ್ರೆ ಕೈಗೆ ಕೂತ್ಕೊಳುತ್ತೆ."

"ಬಿಟ್ಟ ಜಾಗದಲ್ಲಿ ಹದಿನೈದು ದಿನ ಗುಂಡಿ ಕತ್ತರಿಸೋ ಹಾಗಿಲ್ಲಮ್ಮ, ಹುಲ್ಲು ಸುಧಾರಿಸ್ಕೋಬೇಕು. ಮೇಲಾಗಿ ಆ ಗ್ರೀನಿಗೆ ಈ ವಾರ ರಜೆ. ಅಧ್ಯಕ್ಷರೇ ಹೇಳಬೇಕು."

"ಹಾಗಾದ್ರೆ ಅದನ್ನ ಬರೀರಿ. ಕಾಗದ ಹೇಗೂ ಕೈಲೇ ಇದೆ."

"ವರದಿ ತಿದ್ದೋದು?"

"ತಿದ್ದಿಸಿ. ಇದ್ದದ್ದು ಇದ್ದ ಹಾಗೆ ಇರ್ಲಿ. ಆದ್ರೆ ನಾಳೆ ಎಂಟರ ಮೇಲೆ. ಪಾಪ ಅಂತ ಕೋಚ್ ಸಾರ್ ಎಂಟು ಚೆಂಡನ್ನ ಏಳು ಮಾಡೋದು ಬೇಡ."

"ಎಂಟು ಬೀಳದೇ ಹೋದ್ರೆ?" ಎಂದು ಹೆಂಡತಿ ಕೇಳಿದಳು. ನಾನು ಕೇಳಬೇಕೆಂದಿದ್ದೂ ಅದೇ.

"ನೆಲ ನೆಟ್ಟಗಿತ್ತು ಅಂತ ನಾನೇ ಬರ್ದುಕೊಡ್ತೀನಿ ಅಕ್ಕ" ಎಂದು ಎದ್ದು ಹೋದಳು. ಅರ್ಧ ದಾರಿಯಿಂದ ಬಂದು ಒಂದು ಟವೆಲು ತೆಗೆದುಕೊಂಡು ಹೋದಳು. ಕೈ ಬೆವರುತ್ತಿತ್ತೆಂದು ಕಾಣುತ್ತದೆ.

9. ಆದ್ದರಿಂದ ಹಾಗೂ ಮೇಲ್ಕಂಡ ಎಲ್ಲ ಕಾರಣಗಳಿಂದ, ತಾವು ದಯಮಾಡಿ:

ಅ) ವಿಷಯದ ಸಾಲಿನಲ್ಲಿರುವ ಕೋರಿಕೆಯನ್ನು ಹಿಂಪಡೆಯಲಾಗಿದೆ ಎಂದು ತಿಳಿಯಬೇಕು. ಹೊಡೆತ ಆಕೆಯದೇ. ಆ ಸಾಲನ್ನು ಹೊಡೆದುಹಾಕಬೇಕಿತ್ತು, ಆದರೆ ಇಡೀ ಅರ್ಜಿಯಲ್ಲಿ ಅಕ್ಷರ ದುಂಡಗೆ ಬಂದಿರುವುದು ಅಲ್ಲೊಂದೇ ಕಡೆ.

ಆ) ವರದಿಯ ನಾಲ್ಕನೇ ಸಾಲನ್ನು "ಗ್ರೀನಿನಲ್ಲಿ ಗುಂಡಿಗಳು ಎರಡಿದ್ದವು, ಒಂದನ್ನು ಮುಚ್ಚಬೇಕಿದ್ದವನು ಫೋಟೋಗೆ ಹೋಗಿದ್ದನು" ಎಂದು ತಿದ್ದಿಸಿ, ಕೋಚ್ ಸಾಹೇಬರಿಗೆ ನಾಳೆ ಎಂಟು ಗಂಟೆಯ ಪರೀಕ್ಷೆ ಮುಗಿದ ನಂತರ, ಒಂದು ನಿಮಿಷವೂ ಮುಂಚೆ ಅಲ್ಲದಂತೆ, ತಲುಪಿಸಬೇಕು.

ಇ) ನನ್ನನ್ನು ಪಾರ್ಕಿಂಗ್ ಗೇಟಿಗೆ ಹಾಕುವುದಾದರೆ ನನ್ನ ತಕರಾರಿಲ್ಲ, ಸೀಟಿ ಊದಲು ಉಸಿರಿದೆ. ಆದರೆ ಆ ಆದೇಶವೂ ಎಂಟರ ನಂತರವೇ ಜಾರಿಗೆ ಬರಬೇಕು. ಬೇರೆ ಯಾರು ಕತ್ತರಿಸಿದರೂ ಆ ಜಾಗ ಒಂದು ಬೆರಳು ಆಚೀಚೆ ಆಗುತ್ತದೆ.

ಈ) ಹದಿನೆಂಟನೇ ಗ್ರೀನಿನಲ್ಲಿ, ಮೂರನೇ ದಿನದ ಜಾಗದಲ್ಲೇ, ನಾಳೆ ಬೆಳಿಗ್ಗೆ ಐದೂವರೆಗೆ ಒಂದು ಗುಂಡಿ ಕತ್ತರಿಸಲು ಅನುಮತಿ ನೀಡಬೇಕು. ಒಂದೇ ಗುಂಡಿ ಇರುತ್ತದೆ ಎಂದು ಈ ಮೂಲಕ ಬರೆದುಕೊಡುತ್ತಿದ್ದೇನೆ.

ತಮ್ಮ ವಿಶ್ವಾಸಿ, ಹಾಗೂ ನಾಳೆ ಬೆಳಿಗ್ಗೆ ಐದು ಗಂಟೆಯಿಂದ ಗ್ರೀನಿನ ಮೇಲೆ ಮಂಡಿಯೂರಿಕೊಂಡೇ ಇರಲಿರುವ,
ಗುಂಡಿಯಣ್ಣ

ಲಗತ್ತುಗಳು:
1. ಹುಲ್ಲಿನ ಬಿರಡೆ, ಎರಡು ಬೆರಳು ದಪ್ಪ, ಒಂದು. ಗುಂಡಿಯ ತಳದಲ್ಲಿ ಸಿಕ್ಕಿದ್ದು. ಮೇಲೆ ಹಿಮ್ಮಡಿಯ ಅಚ್ಚಿದೆ, ಯಾರದೆಂದು ಅಳತೆ ನೋಡಬೇಕಾಗಿಲ್ಲ. ಹುಲ್ಲು ಇನ್ನೂ ಜೀವಂತವಿದೆ, ಮೇಜಿನ ಮೇಲಿಟ್ಟರೆ ದಿನಕ್ಕೊಮ್ಮೆ ನೀರು ಚಿಮುಕಿಸಬೇಕು.
2. ಫೋಟೋ, ಒಂದು. ಬಲ ತುದಿಯಲ್ಲಿ ಕಾಣುವ ಮೊಣಕೈ ಅರ್ಜಿದಾರನದು.
3. ಕ್ಯಾಂಟೀನಿನ ಅಡುಗೆಯವರ ಸಾಕ್ಷಿ. ಬೆರಳಲ್ಲಿ ಎಣಿಸಿದ್ದರಿಂದ ಲಗತ್ತಿಸಲು ಆಗಿಲ್ಲ. ಕರೆದರೆ ಬರುತ್ತಾರೆ, ಊಟದ ಹೊತ್ತು ಬಿಟ್ಟು.

ವಿಶೇಷ ಸೂಚನೆ: ತಮ್ಮ ಅನುಮತಿ ಐದೂವರೆಯ ಒಳಗೆ ಕೈಸೇರದಿದ್ದಲ್ಲಿ ಗುಂಡಿಯನ್ನು ಕತ್ತರಿಸಿ ಆಗಿರುತ್ತದೆ. ಕಾರಣ, ತಾವು ಯಾವಾಗ ಸಹಿ ಹಾಕಿದರೂ ಇವತ್ತಿನ ತಾರೀಕನ್ನೇ ನಮೂದಿಸಬೇಕಾಗಿ ವಿನಂತಿ.